ಪ್ರಜೆಯ ಧರ್ಮ ಕೇಳದ ರಾಣಿ: ಗೇರುಸೊಪ್ಪೆಯ ಚೆನ್ನಭೈರಾದೇವಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಭಾಗದ ನಮ್ಮ ವಿಶ್ವಾಸಿಗಳು ಕರಾವಳಿಗೆ ಬಂದು ಹೋಗುವುದು ಹೊಸದಲ್ಲ. ಸಿದ್ದಾಪುರದಿಂದ ಮಾವಿನಗುಂಡಿ ದಾಟಿ ಘಟ್ಟ ಇಳಿದರೆ ಶರಾವತಿಯ ದಡದಲ್ಲಿ ಗೇರುಸೊಪ್ಪೆ ಸಿಗುತ್ತದೆ. ಬಸ್ಸು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಚಹಾ ಕುಡಿದು ನಾವು ಹೊನ್ನಾವರದತ್ತ ಮುಂದುವರಿಯುತ್ತೇವೆ. ಹೊಳೆಯ ಆಚೆ ದಡದ ಕಾಡಿನಲ್ಲಿ, ನಗರಬಸ್ತಿಕೇರಿಯಲ್ಲಿ, ನಾಲ್ಕು ದಿಕ್ಕಿಗೂ ಬಾಗಿಲಿರುವ ಕಲ್ಲಿನ ಬಸದಿಯೊಂದು ನಿಂತಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅದರ ಸುತ್ತ ಒಂದು ಕಾಲದಲ್ಲಿ ರಾಜಧಾನಿ ಇತ್ತು. ಅಲ್ಲಿಂದ ಆಳಿದವಳು ಚೆನ್ನಭೈರಾದೇವಿ. ಆಕೆಯ ಕಥೆಯಲ್ಲಿ ಕ್ರೈಸ್ತರಾದ ನಮಗೆ ಹೆಮ್ಮೆಪಡುವಂಥದ್ದು ಕಡಿಮೆ, ಕಲಿಯಬೇಕಾದದ್ದು ಹೆಚ್ಚು. ಆದ್ದರಿಂದಲೇ ಅದನ್ನು ಇಲ್ಲಿ ನೆನೆಯುತ್ತಿದ್ದೇವೆ.

ಚೆನ್ನಭೈರಾದೇವಿ ಸಾಳುವ ವಂಶದ ಜೈನ ರಾಣಿ. ನಗಿರೆ ಎಂದರೆ ಗೇರುಸೊಪ್ಪೆ, ಹಾಡುವಳ್ಳಿ ಎಂದರೆ ಭಟ್ಕಳದ ಬಳಿಯ ಸಂಗೀತಪುರ. ಈ ಎರಡೂ ಸೀಮೆಗಳು ಆಕೆಯ ಕೈಯಲ್ಲಿದ್ದವು. ಆಕೆಯ ಆಳ್ವಿಕೆಯನ್ನು ಸಾಮಾನ್ಯವಾಗಿ 1552ರಿಂದ 1606ರವರೆಗೆ ಎಂದು ಹೇಳುತ್ತಾರೆ. ಅಂದರೆ 54 ವರ್ಷ. ಮೊದಲು ವಿಜಯನಗರದ ಅಧೀನದಲ್ಲಿದ್ದ ಈ ಪುಟ್ಟ ರಾಜ್ಯ, 1565ರಲ್ಲಿ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಬಹುಮಟ್ಟಿಗೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕಾಯಿತು. ಒಂದು ಕಡೆ ಬಿಜಾಪುರದ ಆದಿಲಶಾಹಿ, ಇನ್ನೊಂದು ಕಡೆ ಕೆಳದಿಯ ನಾಯಕರು, ಸಮುದ್ರದಲ್ಲಿ ಪೋರ್ಚುಗೀಸರು.

ಇಷ್ಟು ಜನರ ಕಣ್ಣು ಬೀಳಲು ಕಾರಣ ಕಾಳುಮೆಣಸು. ಶಿರಸಿ, ಸಿದ್ದಾಪುರದ ಅಡಿಕೆ ತೋಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ, ಬೆಟ್ಟದ ಸೊಪ್ಪನ್ನು ಗೊಬ್ಬರ ಮಾಡಿ ಸಾಕುವ ಬೇಸಾಯ ಇಂದಿಗೂ ಅಲ್ಲಿ ನಡೆದಿದೆ. ಘಟ್ಟದ ಮೇಲೆ ಒಣಗಿಸಿದ ಮೆಣಸು ಹೇರೆತ್ತುಗಳ ಬೆನ್ನ ಮೇಲೆ ಇಳಿದು ಗೇರುಸೊಪ್ಪೆಗೆ ಬರುತ್ತಿತ್ತು. ಶರಾವತಿಯಲ್ಲಿ ದೋಣಿ ಮೇಲಕ್ಕೆ ಬರುವುದು ಅಲ್ಲಿಯವರೆಗೆ ಮಾತ್ರ. ಅಲ್ಲಿಂದ ದೋಣಿಯೇರಿ ಹೊನ್ನಾವರ, ಮುಂದೆ ಹಡಗಿನಲ್ಲಿ ಹೊರದೇಶ. ಈ ದಾರಿಯ ಬಾಗಿಲು ರಾಣಿಯ ಕೈಯಲ್ಲಿತ್ತು. ಪೋರ್ಚುಗೀಸರು ಗೇರುಸೊಪ್ಪೆಯ ರಾಣಿಯನ್ನು ಮೆಣಸಿನ ರಾಣಿ ಎಂದು ಕರೆದದ್ದು ಈ ಕಾರಣಕ್ಕೇ.

ಆಕೆಯ ರಾಜ್ಯದಲ್ಲಿ ಯಾರೆಲ್ಲ ಇದ್ದರು ನೋಡೋಣ. ಅರಸು ಮನೆತನ ಮತ್ತು ದೊಡ್ಡ ವರ್ತಕರು ಜೈನರು. ತೋಟಗಾರರು ಹವ್ಯಕ ಬ್ರಾಹ್ಮಣರು. ಭಟ್ಕಳ, ಹೊನ್ನಾವರದ ಕಡಲ ವ್ಯಾಪಾರದಲ್ಲಿ ನವಾಯತ ಮುಸ್ಲಿಮರು. ಗದ್ದೆ, ಕಾಡು, ಹೊಳೆ, ಕಡಲುಗಳಲ್ಲಿ ದುಡಿಯುವ ಅನೇಕ ಸಮುದಾಯಗಳು, ಅವರ ಗ್ರಾಮದೇವತೆಗಳು. ಗೇರುಸೊಪ್ಪೆಯ ಅವಶೇಷಗಳಲ್ಲಿ ಜ್ವಾಲಾಮಾಲಿನಿಯ ಗುಡಿಯೂ ವೀರಭದ್ರನ ಗುಡಿಯೂ ಒಂದೇ ಊರಿನ ನೆಲದಲ್ಲಿವೆ. ಗೋವೆಯಲ್ಲಿ ದೇವಸ್ಥಾನಗಳನ್ನು ಕೆಡವಿದಾಗ, 1560ರಲ್ಲಿ ಅಲ್ಲಿ ಧರ್ಮವಿಚಾರಣಾ ನ್ಯಾಯಮಂಡಳಿ ಆರಂಭವಾದಾಗ, ಓಡಿಬಂದ ಸಾರಸ್ವತರಿಗೆ ಈ ರಾಣಿ ಆಶ್ರಯ ಕೊಟ್ಟಳೆಂದು ಕರಾವಳಿಯಲ್ಲಿ ಇಂದಿಗೂ ಹೇಳುತ್ತಾರೆ. ಬಂದವರು ಜೈನರಾಗಬೇಕೆಂದು ಆಕೆ ಕೇಳಿದ ಸುದ್ದಿ ಎಲ್ಲೂ ಇಲ್ಲ.

ಇದೇನು ದೊಡ್ಡ ವಿಷಯ ಎಂದು ಕೆಲವರು ಕೇಳಬಹುದು. ಅದೇ ವರ್ಷಗಳಲ್ಲಿ ಯೂರೋಪಿನ ಉತ್ತರದ ರಾಜ್ಯಗಳಲ್ಲಿ ಏನು ನಡೆದಿತ್ತು ಎಂಬುದನ್ನು ನೋಡಿದರೆ ಉತ್ತರ ಸಿಗುತ್ತದೆ.

ಸ್ವೀಡನ್ನಿನ ದೊರೆ ಗುಸ್ತಾವ್ ವಾಸಾ 1527ರಲ್ಲಿ ಚರ್ಚಿನ ಆಸ್ತಿ ಮತ್ತು ಅಧಿಕಾರವನ್ನು ಅರಮನೆಯ ಕೈಗೆ ತಂದ. ಡೆನ್ಮಾರ್ಕಿನ ದೊರೆ ಮೂರನೆಯ ಕ್ರಿಸ್ಟಿಯನ್ 1536ರಲ್ಲಿ ಕಥೋಲಿಕ ಬಿಷಪರನ್ನು ಸೆರೆಗೆ ಹಾಕಿ ಲೂಥರನ್ ಪಂಥವನ್ನು ರಾಜ್ಯದ ಧರ್ಮ ಮಾಡಿದ. ಅವನ ಅಧೀನದ ನಾರ್ವೆಗೂ ಅದೇ ಕಟ್ಟಳೆ ಹೋಯಿತು. 1555ರಲ್ಲಿ ಜರ್ಮನ್ ಅರಸರು ಆಗ್ಸ್‌ಬರ್ಗ್‌ನಲ್ಲಿ ಒಂದು ಒಪ್ಪಂದಕ್ಕೆ ಬಂದರು. ಅದರ ತಿರುಳು, ಆಳುವವನ ಧರ್ಮವೇ ಆ ನೆಲದ ಧರ್ಮ. ಒಪ್ಪದವರು ಗಂಟುಮೂಟೆ ಕಟ್ಟಿ ಹೊರಡಬಹುದು. ಇಂಗ್ಲೆಂಡಿನಲ್ಲಿ ಒಂದನೆಯ ಎಲಿಜಬೆತ್ 1558ರಿಂದ 1603ರವರೆಗೆ ಆಳಿದಳು. ಸರಿಸುಮಾರು ನಮ್ಮ ರಾಣಿಯ ಕಾಲವೇ. 1559ರ ಕಾಯಿದೆ ಅವಳನ್ನು ಇಂಗ್ಲೆಂಡಿನ ಚರ್ಚಿಗೂ ಒಡತಿ ಮಾಡಿತು. 1585ರ ನಂತರ ಅಲ್ಲಿ ಕಥೋಲಿಕ ಗುರುವಾಗಿ ಕಾಲಿಡುವುದೇ ಮರಣದಂಡನೆಯ ಅಪರಾಧವಾಯಿತು. ಅವಳಿಗಿಂತ ಮೊದಲು ಆಳಿದ ಕಥೋಲಿಕ ರಾಣಿ ಮೇರಿ ಪ್ರೊಟೆಸ್ಟಂಟರನ್ನು ಸುಡಿಸಿದ್ದನ್ನೂ ನಾವು ಮರೆಯಬಾರದು. ತಪ್ಪು ಒಂದೇ ಪಕ್ಷದ್ದಲ್ಲ.

ಸ್ವೀಡನ್ನಿನ ಸಿಗಿಸ್ಮಂಡ್ ದೊರೆಯ ಕಥೆ ಇನ್ನೂ ಸ್ಪಷ್ಟ. ಅವನು ಕಥೋಲಿಕ, ಪ್ರಜೆಗಳು ಲೂಥರನ್ನರು. ಅಧಿಕಾರದ ಪೈಪೋಟಿಯ ಜೊತೆಗೆ ಧರ್ಮದ ಜಗಳವೂ ಸೇರಿ 1599ರಲ್ಲಿ ಅವನು ಕಿರೀಟ ಕಳೆದುಕೊಂಡ. ಅದೇ ಹೊತ್ತಿಗೆ ಶರಾವತಿಯ ದಡದಲ್ಲಿ ಜೈನ ರಾಣಿಯೊಬ್ಬಳು, ಬಹುಪಾಲು ಜೈನರಲ್ಲದ ಪ್ರಜೆಗಳ ನಡುವೆ ಸುಮಾರು ಅರ್ಧ ಶತಮಾನ ಆಳಿ ಮುಗಿಸಿದ್ದಳು. ಆಕೆಯ ಧರ್ಮ ಬೇರೆ ಎಂಬ ಕಾರಣಕ್ಕೆ ಪ್ರಜೆಗಳು ದಂಗೆ ಎದ್ದದ್ದಿಲ್ಲ.

ಇದು ಆಕೆಯೊಬ್ಬಳ ಗುಣ ಮಾತ್ರವಲ್ಲ, ಈ ನೆಲದ ನಡವಳಿಕೆಯೂ ಹೌದು. ಶಿರಸಿಯ ಬಳಿಯ ಸೋಂದೆಯಲ್ಲಿ ಅದೇ ಕಾಲಕ್ಕೆ ಅರಸಪ್ಪ ನಾಯಕ ಆಳುತ್ತಿದ್ದ. ಅಲ್ಲಿ ವಾದಿರಾಜ ಯತಿಗಳ ಮಾಧ್ವ ಮಠ, ಸ್ವರ್ಣವಲ್ಲಿಯ ಸ್ಮಾರ್ತ ಮಠ, ಸ್ವಾದಿಯ ಜೈನ ಮಠ, ಮೂರೂ ಹತ್ತಿರ ಹತ್ತಿರದಲ್ಲೇ ಇವೆ. ಇಂದು ಹೋದರೂ ಒಂದು ದಿನದಲ್ಲಿ ಮೂರನ್ನೂ ನೋಡಿ ಬರಬಹುದು.

ಇನ್ನು ನಮ್ಮ ಮನಸ್ಸಿಗೆ ಕಷ್ಟವಾಗುವ ಭಾಗಕ್ಕೆ ಬರೋಣ. 1542ರ ಮೇ ತಿಂಗಳಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಗೋವೆಗೆ ಬಂದಿಳಿದರು. ಅವರು ಬಂದದ್ದು ಹೊಸ ಗವರ್ನರ್ ಮಾರ್ಟಿಂ ಅಫೋನ್ಸೊ ಡಿ ಸೋಜನ ಜೊತೆಯಲ್ಲಿ. ಅದೇ ಗವರ್ನರ್ ಅದೇ ವರ್ಷ ಕಪ್ಪಕಾಣಿಕೆಯ ಜಗಳದಲ್ಲಿ ಭಟ್ಕಳಕ್ಕೆ ಬೆಂಕಿ ಹಾಕಿಸಿದ. ಆಗ ಭಟ್ಕಳವನ್ನು ಆಳುತ್ತಿದ್ದವಳೂ ಒಬ್ಬ ರಾಣಿ, ಚೆನ್ನಭೈರಾದೇವಿಗಿಂತ ಹಿಂದಿನವಳು. 1569ರಲ್ಲಿ ವೈಸರಾಯ್ ಲೂಯಿಸ್ ಡಿ ಅಟಾಯ್ಡೆ ಹಡಗುಪಡೆ ತಂದು ಹೊನ್ನಾವರದ ಕೋಟೆಯನ್ನು ಕಿತ್ತುಕೊಂಡ. ಮರುವರ್ಷ, 1570ರಲ್ಲಿ, ಬಿಜಾಪುರದವರು ಗೋವೆಯನ್ನು ಮುತ್ತಿದರು. ಅಹಮದನಗರದವರು ಚೌಲ್‌ಗೆ ನುಗ್ಗಿದರು. ಕಲ್ಲಿಕೋಟೆಯ ಜಾಮೊರಿನ್ ಮಲಬಾರಿನಲ್ಲಿ ಎದ್ದ. ಆಗ ಗೇರುಸೊಪ್ಪೆಯ ರಾಣಿಯೂ ಹೊನ್ನಾವರದ ಕೋಟೆಗೆ ಮುತ್ತಿಗೆ ಹಾಕಿದಳು. ಮುತ್ತಿಗೆ ಫಲಿಸಲಿಲ್ಲ. ಆದರೂ ಆಕೆ ಶರಣಾಗದೆ, ಕಾಳುಮೆಣಸನ್ನೇ ಆಯುಧ ಮಾಡಿಕೊಂಡು ಇನ್ನೂ ಮೂರೂವರೆ ದಶಕ ರಾಜ್ಯ ಉಳಿಸಿಕೊಂಡಳು.

ಪೋರ್ಚುಗೀಸರ ಹಡಗಿನ ಹಾಯಿಯ ಮೇಲೆ ಶಿಲುಬೆ ಇತ್ತು. ಆ ಶಿಲುಬೆಯ ನೆರಳಿನಲ್ಲಿ ಊರುಗಳು ಸುಟ್ಟವು. ಕರಾವಳಿಯ ಜನ ಶಿಲುಬೆಯನ್ನು ಮೊದಲು ಕಂಡದ್ದು ಹೆಚ್ಚಾಗಿ ಹೀಗೆ ಎಂಬುದನ್ನು ನಾವು ಮುಚ್ಚಿಡಬಾರದು. ಅದೇ ಪೋರ್ಚುಗೀಸ್ ವ್ಯಾಪಾರವೇ ಆಫ್ರಿಕದಿಂದ ಸಿದ್ದಿ ಜನಾಂಗದ ಅನೇಕ ಪೂರ್ವಜರನ್ನು ಗುಲಾಮರಾಗಿ ಗೋವೆಗೆ ತಂದದ್ದು. ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡು ಸೇರಿದವರ ಮಕ್ಕಳು, ಮೊಮ್ಮಕ್ಕಳು ಇಂದು ಹಿಂದೂಗಳಾಗಿ, ಮುಸ್ಲಿಮರಾಗಿ, ನಮ್ಮ ಧರ್ಮಕೇಂದ್ರಗಳ ವಿಶ್ವಾಸಿಗಳಾಗಿ ಬದುಕಿದ್ದಾರೆ.

ರಾಣಿಯನ್ನು ಕೊನೆಗೆ ಸೋಲಿಸಿದ್ದು ಪರದೇಶಿಗಳಲ್ಲ. 1606ರಲ್ಲಿ ಕೆಳದಿಯ ಹಿರಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದುಕೊಂಡ. ಇಂದಿನ ಸಿದ್ದಾಪುರ ತಾಲೂಕಿನ ಬಿಳಗಿಯ ಅರಸರೂ ಅವನಿಗೆ ನೆರವಾದರೆಂದು ಹೇಳುತ್ತಾರೆ. ವಯಸ್ಸಾದ ರಾಣಿಯನ್ನು ಇಕ್ಕೇರಿಗೆ ಒಯ್ದು ಸೆರೆಯಲ್ಲಿಟ್ಟರು. ಆಕೆ ಅಲ್ಲಿಯೇ ತೀರಿಕೊಂಡಳು. 1623ರಲ್ಲಿ ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಇಕ್ಕೇರಿಗೆ ಹೋಗುವಾಗ ಗೇರುಸೊಪ್ಪೆಯಲ್ಲಿ ತಂಗಿದ. ಅವನು ಕಂಡದ್ದು ಮರಗಿಡ ಬೆಳೆದ ಅರಮನೆಯ ಅವಶೇಷ ಮತ್ತು ಕೆಲವು ಗುಡಿಸಲುಗಳನ್ನು. ಹದಿನೇಳೇ ವರ್ಷದಲ್ಲಿ ರಾಜಧಾನಿ ಕಾಡಾಗಿತ್ತು.

ಆದರೆ ನಮ್ಮ ಕಥೆ ಅಲ್ಲಿ ಮುಗಿಯುವುದಿಲ್ಲ. ಗೇರುಸೊಪ್ಪೆಯನ್ನು ಅಳಿಸಿದ ಕೆಳದಿಯ ಅರಸರು ವೀರಶೈವರು. ಅವರ ರಾಜ್ಯಕ್ಕೇ ಗೋವೆಯಿಂದ ಕೊಂಕಣಿ ಕ್ರೈಸ್ತರು ಬಂದು ಬೇಸಾಯಕ್ಕೆ ನಿಂತರು. 1678ರ ಒಪ್ಪಂದದಲ್ಲಿ ಕೆಳದಿಯ ಅರಸರು ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರ ಮುಂತಾದ ಕಡೆ ಇಗರ್ಜಿ ಕಟ್ಟಲು ಒಪ್ಪಿದರು. 1681ರಿಂದ ಮೂರು ವರ್ಷ ಸಂತ ಜೋಸೆಫ್ ವಾಜ್ ಈ ಕೆನರಾ ಸೀಮೆಯಲ್ಲಿ ಸೇವೆ ಮಾಡಿದ್ದು ಇಂಥ ಅರಸರ ನೆಲದಲ್ಲಿ. ಬೇರೆ ಧರ್ಮದ ದೊರೆ ಜಾಗ ಕೊಟ್ಟದ್ದರಿಂದ ನಮ್ಮ ಹಿರಿಯರಿಗೆ ಪೂಜೆಗೆ ಮಾಡು ಸಿಕ್ಕಿತು. ಫಿರಂಗಿಯಿಂದ ಸಿಕ್ಕ ಹೊನ್ನಾವರದ ಕೋಟೆ ಕೈಬಿಟ್ಟು ಹೋಯಿತು. ಒಪ್ಪಿಗೆಯಿಂದ ಬೆಳೆದ ಧರ್ಮಕೇಂದ್ರಗಳು ಕಷ್ಟಕಾಲಗಳನ್ನು ದಾಟಿ ಉಳಿದವು. 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತ್ಯದ ಬೇರು ಇರುವುದು ಇಂಥ ನೆಲದಲ್ಲೇ.

ಹಾಗೆಂದು ಹಳೆಯ ಅರಸರ ಕಾಲವನ್ನು ಸ್ವರ್ಗವೆಂದು ಹೊಗಳುವುದೂ ಬೇಡ. ರಾಣಿಗೆ ಮೆಣಸಿನ ವ್ಯಾಪಾರ ನಡೆಯಲು ಎಲ್ಲ ಧರ್ಮದ ಜನರೂ ಬೇಕಿದ್ದರು. ಅಲ್ಲದೆ ಆಕೆ ಕೊಟ್ಟದ್ದು ಆಶ್ರಯ, ಹಕ್ಕಲ್ಲ. ಆಶ್ರಯ ಕೊಡುವವರು ಒಳ್ಳೆಯವರಾಗಿದ್ದರೆ ಪ್ರಜೆ ಸುಖಿ. ಅವರು ಬಿದ್ದ ದಿನ ಅದೂ ಬೀಳಬಹುದು. ಇದನ್ನು ಹಕ್ಕಾಗಿ ಬರೆದುಕೊಟ್ಟದ್ದು 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ, ಅದರ 25ನೆಯ ವಿಧಿ. ಸ್ವೀಡನ್ನಿನಲ್ಲಿ ಪೂರ್ಣ ಧಾರ್ಮಿಕ ಸ್ವಾತಂತ್ರ್ಯದ ಕಾಯಿದೆ ಬಂದದ್ದು 1951ರಲ್ಲಿ. ನಾರ್ವೆಯ ಸಂವಿಧಾನದಲ್ಲಿ ಯೇಸುಸಭೆಯ ಗುರುಗಳಿಗಿದ್ದ ನಿಷೇಧ ತೆಗೆದದ್ದು 1956ರಲ್ಲಿ. ನಮ್ಮ ಧರ್ಮಸಭೆಯೂ ಕಲಿಯಲು ಸಮಯ ತೆಗೆದುಕೊಂಡಿತು. ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ಸಾರಿದ್ದು 1965ರ ಡಿಸೆಂಬರ್ 7ರಂದು. ಚೆನ್ನಭೈರಾದೇವಿ ತೀರಿ ಆಗ ಮೂರೂವರೆ ಶತಮಾನ ಕಳೆದಿತ್ತು.

ಪ್ರಿಯ ವಿಶ್ವಾಸಿಗಳೇ, ಮುಂದಿನ ಸಲ ಘಟ್ಟ ಇಳಿಯುವಾಗ ಮಕ್ಕಳನ್ನು ಕರೆದುಕೊಂಡು ನಗರಬಸ್ತಿಕೇರಿಗೆ ಹೋಗಿ ಬನ್ನಿ. ಚಪ್ಪಲಿ ಹೊರಗೆ ಬಿಟ್ಟು ಚತುರ್ಮುಖ ಬಸದಿಯೊಳಗೆ ಒಂದು ಗಳಿಗೆ ಸುಮ್ಮನೆ ನಿಲ್ಲಿ. ನಾಲ್ಕು ಬಾಗಿಲಲ್ಲಿ ಯಾವುದರಿಂದ ಒಳಬಂದರೂ ನಡುವಿನ ಪೀಠ ಒಂದೇ. ನಮ್ಮ ನೆರೆಯವರು ತಮ್ಮ ದೇವರನ್ನು ನಿರ್ಭಯವಾಗಿ ಪೂಜಿಸಲು ನಾವು ಎಷ್ಟು ಕಾವಲಿದ್ದೇವೆ ಎಂದು ಅಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳೋಣ. ನಮ್ಮ ಹಿರಿಯರು ಈ ನೆಲದಲ್ಲಿ ಪಡೆದದ್ದು ಅದನ್ನೇ. ನಾವು ಹಿಂತಿರುಗಿಸಬೇಕಾದದ್ದೂ ಅದನ್ನೇ.