ಡಾ. ರಾಜಾ ರಾಮಣ್ಣ

ಲೋಕವು ಸ್ಫೋಟದ ಸದ್ದನ್ನು ನೆನಪಿಡುತ್ತದೆ; ಅದಕ್ಕೆ ಮೊದಲು ಆಮ್ಲದ ಪಾತ್ರೆಯಲ್ಲಿ ನಿಶ್ಶಬ್ದವಾಗಿ ನಡೆದ ಕಾರ್ಯವನ್ನು ಮರೆಯುತ್ತದೆ. ಡಾ. ರಾಜಾ ರಾಮಣ್ಣನವರ ಬಾಳನ್ನು ಅರಿಯಬಯಸುವವರು ಈ ಎರಡನ್ನೂ ನೋಡಬೇಕು.

ರಾಮಣ್ಣನವರು 1925ರ ಜನವರಿ 28ರಂದು ತುಮಕೂರು ಸೀಮೆಯಲ್ಲಿ ಜನಿಸಿದರು. ತಂದೆ ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದವರು. ಬೆಂಗಳೂರು ಮತ್ತು ಮದರಾಸಿನಲ್ಲಿ ಓದಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದರು. ಬಾಲ್ಯದಲ್ಲಿ ಒಲಿದ ಪಿಯಾನೊ ಕಡೆಯವರೆಗೂ ಅವರ ಜೊತೆಗಿತ್ತು. 1949ರಲ್ಲಿ ಹೋಮಿ ಭಾಭಾ ಅವರ ಮುಂಬಯಿ ಸಂಸ್ಥೆಯನ್ನು ಸೇರಿ, ನ್ಯೂಟ್ರಾನ್ ಹಾಗೂ ಪರಮಾಣು ವಿದಳನದ ಸಂಶೋಧನೆಗೆ ತೊಡಗಿದರು. 1972ರಲ್ಲಿ ಟ್ರಾಂಬೆಯ ಭಾಭಾ ಅಣು ಸಂಶೋಧನ ಕೇಂದ್ರದ ನಿರ್ದೇಶಕರಾದರು.

1974ರ ಮೇ 18ರಂದು ಪೋಖರಣದಲ್ಲಿ ನಡೆದ ಪರೀಕ್ಷೆಗೆ ಅವರದೇ ನೇತೃತ್ವ. ಆದರೆ ಭೌತವಿಜ್ಞಾನಿಯ ಲೆಕ್ಕಾಚಾರವೊಂದರಿಂದಲೇ ಪ್ಲುಟೋನಿಯಂ ದೊರೆಯದು. ಟ್ರಾಂಬೆಯ ಸೈರಸ್ ಸ್ಥಾವರದಲ್ಲಿ ಉರಿದ ಯುರೇನಿಯಂ ಸರಳುಗಳ ಅಲ್ಯೂಮಿನಿಯಂ ಹೊದಿಕೆಯನ್ನು ಕ್ಷಾರದಲ್ಲಿ ಕರಗಿಸಿ, ಒಳಗಿನ ಲೋಹವನ್ನು ಬಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಆ ದ್ರಾವಣದಿಂದ ಅದನ್ನು ಬೇರ್ಪಡಿಸಬೇಕಾಗಿತ್ತು. ಹೋಮಿ ಸೇಥ್ನಾ ಅವರ ಮುಂದಾಳುತನದಲ್ಲಿ 1964ರಿಂದ ನಡೆದ ಈ ಕಾರ್ಯವೇ ಪೋಖರಣದ ಅಡಿಪಾಯ.

ಕೀರ್ತಿಯ ಹಿಂದೆಯೇ ಕಷ್ಟವೂ ಬಂದಿತು. ಕೆನಡಾ ತನ್ನ ಸಹಕಾರವನ್ನು ನಿಲ್ಲಿಸಿತು. ಕಲ್ಪಾಕಂನ ವೇಗವರ್ಧಕ ಪರೀಕ್ಷಾ ಸ್ಥಾವರಕ್ಕೆ ಬೇಕಾಗಿದ್ದ ಸಮೃದ್ಧ ಯುರೇನಿಯಂ ಫ್ರಾನ್ಸಿನಿಂದ ದೊರೆಯಲಿಲ್ಲ. ನಮ್ಮವರು ಪ್ಲುಟೋನಿಯಂ ಮತ್ತು ಯುರೇನಿಯಂಗಳ ಕಾರ್ಬೈಡನ್ನು ಇಂಧನವಾಗಿ ಆರಿಸಿಕೊಂಡರು. 1985ರ ಅಕ್ಟೋಬರಿನಲ್ಲಿ ಆ ಸ್ಥಾವರ ಚಾಲನೆಗೊಂಡಾಗ ಅಣುಶಕ್ತಿ ಆಯೋಗದ ಅಧ್ಯಕ್ಷರು ರಾಮಣ್ಣನವರೇ.

ಹೊಸ ಇಂಧನವು ಹೊಸ ಪ್ರಶ್ನೆಯನ್ನು ತಂದಿತು. ಪ್ಲುಟೋನಿಯಂ ಹೆಚ್ಚಿರುವ ಆಕ್ಸೈಡು ಬರಿಯ ನೈಟ್ರಿಕ್ ಆಮ್ಲಕ್ಕೆ ಸುಲಭವಾಗಿ ಮಣಿಯದು; ಕಾರ್ಬೈಡು ಮಣಿಯುತ್ತದೆ. ಆದರೆ ಅದರ ಇಂಗಾಲದಲ್ಲಿ ಒಂದು ಭಾಗ ಅನಿಲವಾಗಿ ಹೋದರೂ, ಉಳಿದುದು ಸಾವಯವ ಆಮ್ಲಗಳಾಗಿ ದ್ರಾವಣದಲ್ಲೇ ನಿಂತು, ಪ್ಲುಟೋನಿಯಮನ್ನು ಹಿಡಿದಿಟ್ಟು ಬೇರ್ಪಡಿಸುವ ಕಾರ್ಯಕ್ಕೆ ಅಡ್ಡಿಯಾಗುತ್ತದೆ. ಆದುದರಿಂದ ಪ್ರಬಲ ಆಮ್ಲದಲ್ಲಿ ದೀರ್ಘಕಾಲ ಕುದಿಸಿ ಆ ಶೇಷವನ್ನು ತಗ್ಗಿಸಬೇಕು. ಮರುಭೂಮಿಯಲ್ಲಿ ಕ್ಷಣಾರ್ಧದಲ್ಲಿ ಮುಗಿದುದರ ಫಲ, ಹೀಗೆ ರಸಾಯನಶಾಲೆಯಲ್ಲಿ ವರ್ಷಗಳ ದುಡಿಮೆಯಾಯಿತು. 2003ರಲ್ಲಿ ಕಲ್ಪಾಕಂನ ಕಿರುಸ್ಥಾವರವೊಂದರಲ್ಲಿ ಈ ಇಂಧನದ ಮರುಸಂಸ್ಕರಣೆ ಆರಂಭವಾಯಿತು.

ರಾಮಣ್ಣನವರು 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದರು. 1990ರಲ್ಲಿ ಕೇಂದ್ರದ ರಕ್ಷಣಾ ಖಾತೆಯ ರಾಜ್ಯಸಚಿವರಾದರು. ನಮ್ಮ ರಾಗಗಳನ್ನೂ ಪಾಶ್ಚಾತ್ಯ ಸಂಗೀತವನ್ನೂ ಕುರಿತು ಗ್ರಂಥ ಬರೆದರು. 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ತೀರಿಕೊಂಡರು. ತುಮಕೂರಿನ ವಿದ್ಯಾರ್ಥಿಗಳು ಅವರನ್ನು ಪೋಖರಣದಿಂದ ಗುರುತಿಸುವುದು ಸಹಜವೇ. ಅದರೊಡನೆ, ಹೆಸರಿಲ್ಲದೆ ಆಮ್ಲದ ಪಾತ್ರೆಯ ಬಳಿ ನಿಂತು ದುಡಿದವರನ್ನೂ ನೆನೆದರೆ ಆ ಚರಿತ್ರೆ ಪೂರ್ಣವಾಗುತ್ತದೆ.