ಗುಲಾಬಿ ತೋಟದ ಭರವಸೆ ಕೊಡದ ಡಾಕ್ಟರಮ್ಮ

ಮೂರು ವರ್ಷಗಳ ಹಿಂದೆ ನಮ್ಮ ಸಂಘದ ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ ನಾನೊಬ್ಬಳೇ ಬಂದಿದ್ದೆ. ಮಗಳೆಲ್ಲಿ ಎಂದು ಕೇಳಿದವರಿಗೆಲ್ಲ ಟೈಫಾಯ್ಡ್ ಎಂದು ಹೇಳಿದೆ. ಅದು ಸುಳ್ಳು. ಹದಿನಾರು ವರ್ಷದ ಮಗಳು ಆರು ವಾರಗಳಿಂದ ಕಾಲೇಜಿಗೆ ಹೋಗಿರಲಿಲ್ಲ. ಪರದೆ ಎಳೆದ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಮನೋವೈದ್ಯರ ಚಿಕಿತ್ಸೆ ಆಗಷ್ಟೇ ಶುರುವಾಗಿತ್ತು. ಜ್ವರವಾಗಿದ್ದರೆ ಹೇಳಿಕೊಳ್ಳುತ್ತಿದ್ದೆ, ಮನಸ್ಸಿನ ಕಾಯಿಲೆ ಎನ್ನಲು ನಾಲಿಗೆ ಏಳಲಿಲ್ಲ. ಇವತ್ತು ಮಗಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಆಗ ಅವಳ ದಿಂಬಿನ ಪಕ್ಕ ಸದಾ ಒಂದು ಹಳೆಯ ಪುಸ್ತಕ ಇರುತ್ತಿತ್ತು. ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ಕೊಂಡದ್ದು. ಅಮೆರಿಕದ ಜೋಆನ್ ಗ್ರೀನ್‌ಬರ್ಗ್ ಬರೆದ ‘ಐ ನೆವರ್ ಪ್ರಾಮಿಸ್ಡ್ ಯೂ ಎ ರೋಸ್ ಗಾರ್ಡನ್’ ಎಂಬ ಕಾದಂಬರಿ. 1964ರಲ್ಲಿ ಹ್ಯಾನಾ ಗ್ರೀನ್ ಎಂಬ ಗುಪ್ತನಾಮದಲ್ಲಿ ಬಂದ ಇದನ್ನು ಅಂದಿನಿಂದ ಹದಿಹರೆಯದವರು ಓದುತ್ತಲೇ ಬಂದಿದ್ದಾರೆ. ಹದಿನಾರರ ಡೆಬೊರಾ ಮಾನಸಿಕ ಆಸ್ಪತ್ರೆ ಸೇರಿ, ತಾನೇ ಕಟ್ಟಿಕೊಂಡ ಒಂದು ಕಲ್ಪನಾಲೋಕದಿಂದ ಮೂರು ವರ್ಷ ಹೆಣಗಿ ಹೊರಗೆ ಬರುವ ಕಥೆ. ಬಹುಮಟ್ಟಿಗೆ ಲೇಖಕಿಯದೇ ಬದುಕು. ಮಗಳು ಮಲಗಿದ ಮೇಲೆ ರಾತ್ರಿ ಅಡುಗೆಮನೆಯಲ್ಲಿ ಕೂತು ನಾನೂ ಓದಿದೆ. ಡೆಬೊರಾಗಿಂತ ಹೆಚ್ಚಾಗಿ ನನ್ನನ್ನು ಹಿಡಿದವರು ಅವಳ ವೈದ್ಯೆ ಡಾ. ಫ್ರೀಡ್. ಆ ಪಾತ್ರದ ಹಿಂದೆ ನಿಜವಾಗಿ ಬದುಕಿದ್ದ ಒಬ್ಬ ಡಾಕ್ಟರಮ್ಮ ಇದ್ದಾರೆಂದು ತಿಳಿದಾಗ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಅವರ ಹೆಸರು ಫ್ರೀಡಾ ಫ್ರಾಮ್-ರೈಕ್‌ಮನ್. 1889ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸಂಪ್ರದಾಯಸ್ಥ ಯಹೂದಿ ಮನೆಯಲ್ಲಿ ಹುಟ್ಟಿದರು. ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯವರು. ಬೆಳೆದದ್ದು ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ. ಅಲ್ಲಿನ ವಿಶ್ವವಿದ್ಯಾಲಯಗಳು 1908ರಲ್ಲಷ್ಟೇ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿದ್ದವು. ಆ ಮೊದಮೊದಲ ತಂಡಗಳಲ್ಲೇ ಸೇರಿ ವೈದ್ಯರಾದರು. ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡೇಟು ಬಿದ್ದ ಸೈನಿಕರ ಆಸ್ಪತ್ರೆ ನೋಡಿಕೊಂಡರು. ಮಿದುಳಿಗೆ ಪೆಟ್ಟು ಬಿದ್ದು ಮಾತು ಮರೆತವರು, ಸಣ್ಣ ಸದ್ದಿಗೂ ಗಾಬರಿ ಬೀಳುವವರು. ಇಂಥವರ ಪಕ್ಕ ತಾಳ್ಮೆಯಿಂದ ಕೂರುವುದನ್ನು ಅಲ್ಲಿ ಕಲಿತರು. ಭಯ ಎಷ್ಟು ದೊಡ್ಡದೋ ವರ್ತನೆ ಅಷ್ಟು ವಿಚಿತ್ರ ಎಂಬ ತಿಳಿವಳಿಕೆ ಅವರಿಗೆ ಕೊನೆಯವರೆಗೂ ಬಂತು.

1924ರಲ್ಲಿ ಹೈಡಲ್‌ಬರ್ಗ್‌ನಲ್ಲಿ ಒಂದು ಚಿಕಿತ್ಸಾಲಯ ತೆರೆದರು. ತಮಗಿಂತ ಹತ್ತು ವರ್ಷ ಚಿಕ್ಕವರಾದ, ಮುಂದೆ ಹೆಸರುವಾಸಿ ಲೇಖಕರಾದ ಎರಿಕ್ ಫ್ರಾಮ್ ಅವರನ್ನು 1926ರಲ್ಲಿ ಮದುವೆಯಾದರು. ಸಂಸಾರ ಹೆಚ್ಚು ಕಾಲ ನಡೆಯಲಿಲ್ಲ, ಆದರೆ ಸ್ನೇಹ ಉಳಿಯಿತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ದೇಶ ಬಿಟ್ಟರು. ಫ್ರಾನ್ಸ್, ಪ್ಯಾಲೆಸ್ಟೈನ್ ದಾಟಿ 1935ರಲ್ಲಿ ಅಮೆರಿಕ ಸೇರಿದರು. ಆಗ ಅವರಿಗೆ ನಲವತ್ತೈದು ದಾಟಿತ್ತು. ಗಂಡನಿಲ್ಲ, ಮಕ್ಕಳಿಲ್ಲ, ತಾಯ್ನುಡಿ ಕೆಲಸಕ್ಕೆ ಬಾರದ ಊರು. ಪರಊರಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಇದರಲ್ಲಿ ಒಂದು ಪಾಲಾದರೂ ಅರ್ಥವಾಗುತ್ತದೆ.

ಮೇರಿಲ್ಯಾಂಡ್ ರಾಜ್ಯದ ರಾಕ್‌ವಿಲ್‌ನಲ್ಲಿದ್ದ ಚೆಸ್ಟ್‌ನಟ್ ಲಾಡ್ಜ್ ಎಂಬ ಆಸ್ಪತ್ರೆ ಅವರ ಮನೆಯೇ ಆಯಿತು. ಆವರಣದಲ್ಲೇ ಅವರಿಗೊಂದು ಪುಟ್ಟ ಮನೆ ಕಟ್ಟಿಸಿಕೊಟ್ಟರು. ಸಾಯುವವರೆಗೂ ಅಲ್ಲೇ ಇದ್ದರು. ಆ ಕಾಲವನ್ನು ನೆನೆಯಿರಿ. ಇಂದಿನ ಮಾತ್ರೆಗಳು ಇನ್ನೂ ಬಂದಿರಲಿಲ್ಲ. ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಮಿದುಳಿನ ನರಗಳನ್ನು ಕತ್ತರಿಸುವುದು ಚಿಕಿತ್ಸೆ ಎನಿಸಿಕೊಂಡಿದ್ದವು. 1949ರಲ್ಲಿ ಆ ಶಸ್ತ್ರಚಿಕಿತ್ಸೆಗೆ ನೊಬೆಲ್ ಬಹುಮಾನವೂ ಬಂತು. ಅಂಥ ಹೊತ್ತಿನಲ್ಲಿ ಫ್ರೀಡಾ ರೋಗಿಯ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬೈದರೂ, ಮಾತೇ ಆಡದೆ ಕೂತರೂ ಮರುದಿನ ಅದೇ ಹೊತ್ತಿಗೆ ಮತ್ತೆ ಬರುತ್ತಿದ್ದರು.

1948ರಲ್ಲಿ ಹದಿನಾರರ ಜೋಆನ್ ಅಲ್ಲಿಗೆ ಬಂದಳು. ವರ್ಷಗಟ್ಟಲೆ ಚಿಕಿತ್ಸೆ ನಡೆಯಿತು. ಹುಡುಗಿ ಹೊರಬಂದು ಕಾಲೇಜು ಓದಿದಳು, ಮದುವೆಯಾದಳು, ಮಕ್ಕಳಾದವು, ಪುಸ್ತಕಗಳನ್ನು ಬರೆದಳು. ಫ್ರೀಡಾ 1957ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ, ಕೇಳಿಸಿಕೊಳ್ಳುವುದನ್ನೇ ವೃತ್ತಿ ಮಾಡಿಕೊಂಡಿದ್ದ ಅವರ ಕಿವಿ ಮಂದವಾಗುತ್ತಿತ್ತು. ತಮ್ಮನ್ನು ಲೋಕಕ್ಕೆ ಪರಿಚಯಿಸಿದ ಕಾದಂಬರಿಯನ್ನು ಅವರು ನೋಡಲೇ ಇಲ್ಲ. ಜೋಆನ್‌ಗಿದ್ದ ಕಾಯಿಲೆ ನಿಜಕ್ಕೂ ಸ್ಕಿಜೋಫ್ರೇನಿಯಾವೇ ಎಂದು ಮುಂದೆ ಕೆಲವು ವೈದ್ಯರು ಪ್ರಶ್ನಿಸಿದ್ದೂ ಉಂಟು. ಹೆಸರು ಏನೇ ಇರಲಿ, ಆ ಹುಡುಗಿ ಬದುಕಿಗೆ ಮರಳಿದ್ದು ನಿಜ.

ಇಷ್ಟೆಲ್ಲ ಓದಿ ಫ್ರೀಡಾರನ್ನು ಮನಸ್ಸಿನಲ್ಲಿ ಪೂಜೆಗೆ ಕೂರಿಸುವಷ್ಟರಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಜೋಆನ್ ಆಸ್ಪತ್ರೆಗೆ ಸೇರಿದ ಅದೇ 1948ರಲ್ಲಿ ಫ್ರೀಡಾ ಒಂದು ಲೇಖನ ಬರೆದಿದ್ದರು. ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ ಎಂಬ ಮಾತು ಅದರಲ್ಲಿ ಬರುತ್ತದೆ. ಆ ಮಾತು ವೈದ್ಯಲೋಕದಲ್ಲಿ ಬೇರೂರಿ, ಮುಂದೆ ಎಷ್ಟೋ ವರ್ಷ ಅಮ್ಮಂದಿರನ್ನು ಅಪರಾಧಿಗಳಂತೆ ನಿಲ್ಲಿಸಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮಗಳ ಕಾಯಿಲೆ ಖಿನ್ನತೆ, ಸ್ಕಿಜೋಫ್ರೇನಿಯಾ ಅಲ್ಲ. ಆದರೂ ನಾನು ಹಗಲಿರುಳೂ ಅದನ್ನೇ ತಾನೆ ಹುಡುಕುತ್ತಿದ್ದದ್ದು? ಅಂಕಕ್ಕಾಗಿ ಬೈದದ್ದೇ? ಕೆಲಸಕ್ಕೆ ಹೋದದ್ದೇ? ಮರುವಾರ ಮಗಳ ಡಾಕ್ಟರನ್ನು ಕೇಳಿಯೇಬಿಟ್ಟೆ. ತಾಯಿಯೇ ಕಾರಣ ಎಂಬ ಆ ವಾದ ಸಂಶೋಧನೆಯಲ್ಲಿ ನಿಲ್ಲಲಿಲ್ಲ, ವಂಶವಾಹಿ, ಮಿದುಳು, ಸುತ್ತಲಿನ ಒತ್ತಡ ಎಲ್ಲ ಸೇರಿ ಇಂಥ ಕಾಯಿಲೆಗಳು ಬರುತ್ತವೆ ಎಂದು ವಿವರಿಸಿದರು. ಕಾರಣ ಹುಡುಕುವುದನ್ನು ತಮಗೆ ಬಿಟ್ಟು, ಮಗಳ ಜೊತೆ ಕೂರಲು ನನಗೆ ಹೇಳಿದರು.

ಅಲ್ಲಿಗೆ ಫ್ರೀಡಾ ನನಗೆ ದೇವರಾಗಿ ಉಳಿಯಲಿಲ್ಲ. ಮಕ್ಕಳ ಪಕ್ಕ ಅಷ್ಟು ಚೆನ್ನಾಗಿ ಕೂತವರು ತಾಯಂದಿರ ವಿಷಯದಲ್ಲಿ ತಪ್ಪಿದರು. ಆ ಮಾತನ್ನು ಬಿಟ್ಟೆ, ಅವರ ಕುರ್ಚಿಯನ್ನು ಮಾತ್ರ ಇಟ್ಟುಕೊಂಡೆ. ದಿನಾ ಸಂಜೆ ಏಳಕ್ಕೆ ಮಗಳ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಲೋ ಬಟ್ಟೆ ಮಡಿಸುತ್ತಲೋ ಕೂರುತ್ತಿದ್ದೆ. ಬುದ್ಧಿ ಹೇಳಲಿಲ್ಲ. ಎಲ್ಲ ಸರಿಹೋಗುತ್ತದೆ ಎಂದೂ ಹೇಳಲಿಲ್ಲ, ಏಕೆಂದರೆ ಅದು ನನಗೇ ಗೊತ್ತಿರಲಿಲ್ಲ. ಕಾದಂಬರಿಯ ಡಾಕ್ಟರಮ್ಮನೂ ಡೆಬೊರಾಗೆ ಸುಖದ ಗುಲಾಬಿ ತೋಟದ ಆಸೆ ತೋರಿಸುವುದಿಲ್ಲ, ಹೋರಾಡಲು ಬೇಕಾದ ಶಕ್ತಿಗೆ ಜೊತೆಯಾಗುತ್ತಾರೆ. ಹನ್ನೊಂದನೆಯ ಸಂಜೆ ಮಗಳು ಎದ್ದು ಕೂತು, ಒಂದು ಹಿಡಿ ಅವರೆಕಾಯಿ ತನ್ನ ಕಡೆ ಎಳೆದುಕೊಂಡಳು.

ಈಗ ಅವಳು ಡಿಗ್ರಿ ಎರಡನೇ ವರ್ಷ. ಮಾತ್ರೆ ಇನ್ನೂ ಇದೆ, ಡಾಕ್ಟರ ಭೇಟಿಯೂ ಇದೆ. ಕೆಟ್ಟ ದಿನಗಳೂ ಬರುತ್ತವೆ, ಹೋಗುತ್ತವೆ. ಫ್ರೀಡಾ ಕಾಲದಲ್ಲಿ ಇರದ ಔಷಧಿ ನಮಗಿದೆ. ಪುಸ್ತಕ ಓದಿ ಯಾರೂ ಅದನ್ನು ನಿಲ್ಲಿಸಬಾರದು. ಯಾರನ್ನು ಕೇಳುವುದೆಂದು ತೋಚದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಶುಲ್ಕವಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಈ ಸಲದ ಗೌರಿ ಹಬ್ಬಕ್ಕೆ ಮಗಳೂ ಬರುತ್ತೇನೆಂದಿದ್ದಾಳೆ. ಬರದಿದ್ದರೆ, ಯಾಕೆ ಬರಲಿಲ್ಲ ಎಂದು ನೀವು ಕೇಳಿ. ಟೈಫಾಯ್ಡ್ ಎಂದು ಖಂಡಿತ ಹೇಳುವುದಿಲ್ಲ.