ಗೋಲುಪೆಟ್ಟಿಗೆ ಕಾದ ಸೈನಿಕ: ಶಂಕರ್ ಲಕ್ಷ್ಮಣ್

ನಮ್ಮ ಅಮರಾಪುರ, ಮಡಕಶಿರ, ರಾಯದುರ್ಗದ ಕಡೆ ಮಕ್ಕಳ ಕೈಯಲ್ಲಿ ಕ್ರಿಕೆಟ್ ಬ್ಯಾಟ್ ಕಂಡಷ್ಟು ಹಾಕಿ ಸ್ಟಿಕ್ ಕಾಣುವುದಿಲ್ಲ. ಹಾಕಿ ಎಂದರೆ ಧ್ಯಾನ್‌ಚಂದ್ ಅವರ ಹೆಸರು ಹೇಳಿ ಸುಮ್ಮನಾಗುವವರೇ ಹೆಚ್ಚು. ಗೋಲು ಹೊಡೆದವರ ಹೆಸರು ಉಳಿಯುತ್ತದೆ, ತಡೆದವರದು ಉಳಿಯುವುದು ಕಡಿಮೆ. ಹಾಗೆ ಮರೆತುಹೋದವರಲ್ಲಿ ಶಂಕರ್ ಲಕ್ಷ್ಮಣ್ ಒಬ್ಬರು. ಅವರು ಕನ್ನಡಿಗರಲ್ಲ. ಆದರೆ ಅವರು ಸೇವೆ ಸಲ್ಲಿಸಿದ ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದು ನಮ್ಮಂತೆಯೇ ಗಡಿಯ ಊರಾದ ಬೆಳಗಾವಿಯಲ್ಲಿ.

ಶಂಕರ್ ಲಕ್ಷ್ಮಣ್ ಹುಟ್ಟಿದ್ದು 1933ರ ಜುಲೈ 7ರಂದು, ಇಂದೋರ್ ಪಕ್ಕದ ಮಹೂ ಎಂಬ ದಂಡಿನ ಊರಿನಲ್ಲಿ. ಡಾ. ಅಂಬೇಡ್ಕರ್ ಅವರು ಹುಟ್ಟಿದ್ದೂ ಅಲ್ಲೇ. ಲಕ್ಷ್ಮಣ್ ಮೊದಲು ಆಡುತ್ತಿದ್ದದ್ದು ಫುಟ್‌ಬಾಲ್. 1947ರಲ್ಲಿ, ಇನ್ನೂ ಹದಿನಾಲ್ಕರ ಆಸುಪಾಸಿನ ಹುಡುಗ, ಸೈನ್ಯದ ಬ್ಯಾಂಡಿಗೆ ಸೇರಿಕೊಂಡರು. ವಾದ್ಯ ನುಡಿಸಲು ಬಂದವರನ್ನು ಸೈನ್ಯದ ಮೈದಾನ ಹಾಕಿಗೆ ಎಳೆದುಕೊಂಡಿತು.

ಆ ಕಾಲದ ಗೋಲ್‌ಕೀಪರ್‌ನ ಕೆಲಸ ಎಂಥದ್ದು ಎಂದು ಸ್ವಲ್ಪ ಹೇಳಬೇಕು. ಈಗಿನವರು ಮೈತುಂಬ ದಪ್ಪನೆಯ ಫೋಮಿನ ರಕ್ಷಾಕವಚ ತೊಟ್ಟು, ತಲೆಗೆ ಹೆಲ್ಮೆಟ್ ಹಾಕಿ ನಿಲ್ಲುತ್ತಾರೆ. ಆಗ ಕಾಲಿಗೆ ಪ್ಯಾಡ್, ಕೈಗೆ ಗ್ಲೌಸ್, ಅಷ್ಟೇ. ಮುಖಕ್ಕೆ ಏನೂ ಇಲ್ಲ. ಕಾಯಬೇಕಾದ ಬಾಗಿಲು 12 ಅಡಿ ಅಗಲ, 7 ಅಡಿ ಎತ್ತರ. ಚೆಂಡು ಕ್ರಿಕೆಟ್ ಚೆಂಡಿನಷ್ಟೇ ಗಟ್ಟಿ. ಆಟ ನಡೆಯುತ್ತಿದ್ದದ್ದು ಹುಲ್ಲಿನ ನೆಲದ ಮೇಲೆ, ಒಂದು ಸಣ್ಣ ಉಬ್ಬು ಸಿಕ್ಕರೂ ಚೆಂಡು ಎದೆಗೋ ಹಣೆಗೋ ಎಗರುತ್ತಿತ್ತು. ಪೆನಾಲ್ಟಿ ಕಾರ್ನರ್ ಬಂದಾಗ ಎದುರಾಳಿ ಪೂರ್ತಿ ಬಲ ಹಾಕಿ ಬಾರಿಸಿದ ಚೆಂಡಿಗೆ ಅಡ್ಡ ಬರುವುದೆಂದರೆ ತಮಾಷೆಯ ಮಾತಲ್ಲ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ 38 ಗೋಲು ಹೊಡೆಯಿತು, ಒಂದೂ ಗೋಲು ಬಿಟ್ಟುಕೊಡಲಿಲ್ಲ. ಫೈನಲ್‌ನಲ್ಲಿ ಎದುರಿಗೆ ಪಾಕಿಸ್ತಾನ. ರಣಧೀರ್ ಸಿಂಗ್ ಜೆಂಟಲ್ ಹೊಡೆದ ಒಂದೇ ಗೋಲಿನಿಂದ ಗೆಲುವು, ಚಿನ್ನ. ಹಿಂದೆ ನಿಂತು ಕಾದವರು ಲಕ್ಷ್ಮಣ್.

ನಾಲ್ಕು ವರ್ಷದ ನಂತರ ರೋಮ್‌ನಲ್ಲಿ ಮತ್ತೆ ಅದೇ ಫೈನಲ್, ಅದೇ ಎದುರಾಳಿ. ಈ ಸಲ ನಸೀರ್ ಬುಂದಾ ಹೊಡೆದ ಚೆಂಡು ಒಳಗೆ ಹೋಯಿತು. 1928ರಿಂದ ಒಲಿಂಪಿಕ್ಸ್‌ನಲ್ಲಿ ಸೋಲನ್ನೇ ಕಾಣದಿದ್ದ ಭಾರತ 0-1ರಿಂದ ಸೋತಿತು. ದೇಶಕ್ಕೆ ದೇಶವೇ ಮನೆಯಲ್ಲಿ ಸಾವಾದಂತೆ ಕುಗ್ಗಿತು. ಬೆಳ್ಳಿ ಪದಕ ಬಂದರೂ ಅದನ್ನು ಪದಕವೆಂದು ಎಣಿಸುವ ಮನಸ್ಸು ಆಗ ಯಾರಿಗೂ ಇರಲಿಲ್ಲ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲೂ ಪಾಕಿಸ್ತಾನವೇ ಮೇಲಾಯಿತು.

ಲೆಕ್ಕ ತೀರಿದ್ದು 1964ರ ಅಕ್ಟೋಬರ್ 23ರಂದು, ಟೋಕಿಯೊದಲ್ಲಿ. ಚರಣ್‌ಜಿತ್ ಸಿಂಗ್ ನಾಯಕರು. ಆ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರೂ ಇದ್ದರು ಎಂಬುದು ನಮಗೆ ಹೆಮ್ಮೆಯ ವಿಷಯ. ಮೊಹಿಂದರ್ ಲಾಲ್ ಪೆನಾಲ್ಟಿ ಸ್ಟ್ರೋಕಿನಲ್ಲಿ ಗೋಲು ಹೊಡೆದರು. ಆಮೇಲೆ ಪಾಕಿಸ್ತಾನ ಮೈಮೇಲೆ ಬಿದ್ದು ಆಡಿತು. ಒಂದರ ಹಿಂದೆ ಒಂದು ದಾಳಿ. ಲಕ್ಷ್ಮಣ್ ಕದಲಲಿಲ್ಲ. ಆಟ 1-0ಗೆ ಮುಗಿಯಿತು, ಚಿನ್ನ ಮರಳಿ ಬಂತು. ಲೆಕ್ಕ ಹಾಕಿ ನೋಡಿ: ಮೂರು ಒಲಿಂಪಿಕ್ ಫೈನಲ್, ಮೂರೂ ಪಾಕಿಸ್ತಾನದ ಎದುರು, ಅವರನ್ನು ದಾಟಿ ಹೋದದ್ದು ಒಟ್ಟು ಒಂದೇ ಗೋಲು. ಗೋಲು ಹೊಡೆದವರಿಗೆ ಕಟ್ಟಿದ ಹೊಗಳಿಕೆಯ ಕಾಲುಭಾಗವಾದರೂ ಇದಕ್ಕೆ ಸಲ್ಲಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆ ವರ್ಷ ಅರ್ಜುನ ಪ್ರಶಸ್ತಿ ಬಂದದ್ದು ಸಮಾಧಾನದ ಸಂಗತಿ.

1966ರಲ್ಲಿ ಅವರನ್ನು ನಾಯಕರನ್ನಾಗಿ ಮಾಡಲಾಯಿತು. ಗೋಲ್‌ಕೀಪರ್ ಒಬ್ಬರು ಭಾರತ ಹಾಕಿ ತಂಡದ ನಾಯಕರಾದದ್ದು ಅದೇ ಮೊದಲು. ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಮತ್ತೆ ಪಾಕಿಸ್ತಾನ, ಮತ್ತೆ 1-0. ಏಷ್ಯನ್ ಕ್ರೀಡಾಕೂಟದ ಹಾಕಿಯಲ್ಲಿ ಭಾರತಕ್ಕೆ ಅದು ಮೊದಲ ಚಿನ್ನ. 1967ರಲ್ಲಿ ಪದ್ಮಶ್ರೀ.

ಅಲ್ಲಿಂದ ಮುಂದೆ ಹೇಳಲು ಹೆಚ್ಚೇನಿಲ್ಲ, ಇರುವುದು ಹೇಳಲು ಸುಲಭವೂ ಅಲ್ಲ. 1968ರ ಮೆಕ್ಸಿಕೊ ಒಲಿಂಪಿಕ್ಸ್ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಅವರು ಹಾಕಿಯನ್ನೇ ಬಿಟ್ಟರು. ಸೈನ್ಯದಲ್ಲಿ ಮುಂದುವರಿದು 1979ರಲ್ಲಿ ಕ್ಯಾಪ್ಟನ್ ಹುದ್ದೆಯಲ್ಲಿ ನಿವೃತ್ತರಾಗಿ ಮಹೂಗೆ ಮರಳಿದರು. ಬ್ಯಾಂಡಿನ ಹುಡುಗ ಅಧಿಕಾರಿಯಾಗಿ ಹೊರಬಂದದ್ದು ಸಣ್ಣ ಸಾಧನೆಯಲ್ಲ. ಆದರೆ ಪದಕ ಗೆದ್ದವರಿಗೆ ಕೋಟಿಗಟ್ಟಲೆ ಹಣ, ನಿವೇಶನ ಘೋಷಿಸುವ ಕಾಲ ಅದಾಗಿರಲಿಲ್ಲ. ಕೊನೆಯ ವರ್ಷಗಳು ಹಣದ ಅಡಚಣೆಯಲ್ಲೇ ಕಳೆದವು. ಕಾಲಿಗೆ ಗ್ಯಾಂಗ್ರೀನ್ ಆಯಿತು. ವೈದ್ಯರು ಕಾಲು ತೆಗೆಯಬೇಕೆಂದರು, ಅವರು ಒಪ್ಪದೆ ಪ್ರಕೃತಿ ಚಿಕಿತ್ಸೆಯ ಮೊರೆ ಹೋದರು. ಎಷ್ಟು ಚೆಂಡುಗಳಿಗೆ ಅಡ್ಡ ಇಟ್ಟ ಕಾಲದು! 2006ರ ಏಪ್ರಿಲ್ 29ರಂದು, ತಮ್ಮ 72ನೆಯ ವಯಸ್ಸಿನಲ್ಲಿ, ಹುಟ್ಟಿದ ಮಹೂನಲ್ಲೇ ತೀರಿಕೊಂಡರು.